ಚಂದ್ರನಿಂದ ಬಂದವರ ಮೈಲಿಗೆ

ಜುಲೈ ಇಪ್ಪತ್ತೊಂದರ ಬೆಳಿಗ್ಗೆ, ತಿಂಡಿಯ ಗಂಟೆ ಹೊಡೆಯುವ ಮುಂಚೆ, ಹತ್ತನೇ ತರಗತಿಯ ಕೃತಿಕಾಳನ್ನು ಹಾಸ್ಟೆಲಿನ ಹಿಂದಿನ ಕೋಣೆಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿದರು. ಅದೇ ದಿನ ಮಧ್ಯಾಹ್ನ ಅವಳು ಹಾಸ್ಟೆಲಿನ ಪ್ರಾರ್ಥನಾ ಮಂದಿರದಲ್ಲಿ ಭಾಷಣ ಮಾಡಬೇಕಿತ್ತು.

ಕೊಪ್ಪದ ಆ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಆ ಕೋಣೆಗೆ ಹೆಸರಿಲ್ಲ. ಹಿಂದೆ ಬಚ್ಚಲೊಲೆಯ ಸೌದೆ ಒಟ್ಟುತ್ತಿದ್ದ ಜಾಗ ಅದು. ಮಾಡಿನ ಮೇಲೆ ಸೋಲಾರ್ ಬಂತು, ಸೌದೆ ಹೋಯಿತು, ಸೌದೆಯ ಜಾಗಕ್ಕೆ ಹುಡುಗಿಯರು ಬಂದರು. ಯಾರು ‘ಹೊರಗೆ’ ಆಗುತ್ತಾರೋ ಅವರು ಮೂರು ದಿನ ಅಲ್ಲಿರಬೇಕು. ಚಾಪೆ ಬೇರೆ, ತಟ್ಟೆ ಬೇರೆ, ತಟ್ಟೆಯ ಅಂಚಿಗೆ ಕೆಂಪು ಬಣ್ಣದ ಗುರುತು ಬೇರೆ. ಅಡಿಗೆಮನೆಗೆ ಕಾಲಿಡುವಂತಿಲ್ಲ, ಮಂದಿರದ ಮೆಟ್ಟಿಲು ಹತ್ತುವಂತಿಲ್ಲ. ಸ್ಕೂಲಿಗೆ ಮಾತ್ರ ಹೋಗಬಹುದು. ಹಾಜರಾತಿ ಕಡಿಮೆಯಾದರೆ ಸರ್ಕಾರ ಲೆಕ್ಕ ಕೇಳುತ್ತದಲ್ಲ, ದೇವರು ಕೇಳುವುದಿಲ್ಲವಲ್ಲ.

ಒಳಗೆ ಕೂಡಿಹಾಕಿ ‘ಹೊರಗೆ’ ಎನ್ನುವ ಈ ಮಾತಿಗೆ ಕೃತಿಕಾ ಎಡವಿದ್ದು ಹಾಸ್ಟೆಲಿಗೆ ಸೇರಿದ ಮೊದಲ ವಾರದಲ್ಲೇ. ಅವಳು ನರಸಿಂಹರಾಜಪುರ ತಾಲ್ಲೂಕಿನವಳು. ಬಾಳೆಹೊನ್ನೂರಿನ ಆಚೆ ಹಿಟ್ಟಿನ ಗಿರಣಿ ನಡೆಸುವ ರೇಣುಕಪ್ಪನ ಮಗಳು. ಮನೆಯಲ್ಲಿ ಎಲ್ಲರ ಕೊರಳಲ್ಲೂ ಲಿಂಗ. “ಲಿಂಗ ಕಟ್ಟಿದ ಮೈಗೆ ಎಲ್ಲಿಯ ಸೂತಕನೇ?” ಎನ್ನುತ್ತ ಅವಳ ತಾಯಿ ಗಂಗಾಂಬಿಕೆ ಆ ದಿನಗಳಲ್ಲೂ ಪೂಜೆ ಮಾಡುತ್ತಿದ್ದಳು, ರೊಟ್ಟಿ ತಟ್ಟುತ್ತಿದ್ದಳು, ಗಿರಣಿಯಲ್ಲಿ ಕೂತು ಊರವರ ಅಕ್ಕಿ ಬೀಸಿಕೊಡುತ್ತಿದ್ದಳು. ಆ ಮನೆಯಲ್ಲಿ ಅದಕ್ಕೆ ‘ತಿಂಗಳು’ ಎಂದಷ್ಟೇ ಹೆಸರು. “ತಿಂಗಳು ಬಂತು ಕಣವ್ವ” ಎಂದರೆ ಮುಗಿಯಿತು.

ಹಾಗಿರುವಾಗ ಒಂದು ಸಂಜೆ ಅಂಗಳದಲ್ಲಿ ಕೊಡೆ ಮಡಚಿ ಅಡಿಗೆಮನೆಯ ಹೊಸಿಲಿಗೆ ಬಂದವಳನ್ನು ವಾರ್ಡನ್ ರಾಧಮ್ಮ ತಡೆದು, “ಹೊರಗಾ?” ಎಂದು ಕೇಳಿದ್ದರು.

“ಹೌದಮ್ಮ, ಈಗಷ್ಟೇ ಬಂದೆ” ಎಂದಿದ್ದಳು ಹುಡುಗಿ.

ಕೋಣೆಗೆ ಹೋದಳು. ತಡವಾಗಿ ಬಂದದ್ದಕ್ಕೆ ಶಿಕ್ಷೆ ಇರಬೇಕು ಅಂದುಕೊಂಡು ರಾತ್ರಿಯೆಲ್ಲ ಅತ್ತಳು. ಮರುದಿನ ಜೊತೆಗಿದ್ದವಳು ನಕ್ಕೂ ನಕ್ಕು ಅರ್ಥ ಬಿಡಿಸಿ ಹೇಳಿದ ಮೇಲೆ ಬಾಗಿಲಿಗೆ ಬಂದು, “ಅಮ್ಮಾ, ನಾನು ಆ ಹೊರಗೆ ಅಲ್ಲ, ಬರೀ ಹೊರಗೆ ಇದ್ದೆ!” ಎಂದು ಕೂಗಿದಳು.

“ಈಗ ಆಯ್ತಲ್ಲ ಮಾರಾಯ್ತಿ” ಎಂದರು ರಾಧಮ್ಮ. “ಅಲ್ಲಿದ್ದವಳನ್ನ ಮುಟ್ಟಿ ಆಗಿದೆ. ಮುಗಿಸ್ಕಂಡೇ ಬಾ.”

ಆ ಮಾತು ಹಾಸ್ಟೆಲಿನಲ್ಲಿ ಒಂದು ವರ್ಷ ನಗೆಯಾಗಿ ಓಡಾಡಿತು. ಯಾರಾದರೂ ಅಂಗಳದಲ್ಲಿ ಕಂಡರೆ ಸಾಕು, “ಬರೀ ಹೊರಗಾ, ಆ ಹೊರಗಾ?” ಎಂದು ಛೇಡಿಸುವರು. ಕೃತಿಕಾಳೂ ನಕ್ಕಳು. ನಕ್ಕು ನಕ್ಕೇ ಆ ಕೋಣೆಗೆ ತಿಂಗಳು ತಿಂಗಳು ಹೋಗಿ ಬಂದಳು.

ಈ ವರ್ಷ ಚಂದ್ರನ ಮೇಲೆ ಮನುಷ್ಯ ಕಾಲಿಟ್ಟು ನಲವತ್ತು ವರ್ಷವಾಯಿತೆಂದು ಹಾಸ್ಟೆಲು ನಡೆಸುವ ಟ್ರಸ್ಟಿನವರು ಸಮಾರಂಭ ಇಟ್ಟುಕೊಂಡರು. ಶೃಂಗೇರಿಯಿಂದ, ಎನ್.ಆರ್. ಪುರದಿಂದ ಶಾಲೆಗಳ ಮಕ್ಕಳು, ಮೇಷ್ಟ್ರುಗಳು ಬರುವವರಿದ್ದರು. ಟ್ರಸ್ಟಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಕಾಂತೇಶ್ ಸಾರ್ ಭಾಷಣಕ್ಕೆ ಕೃತಿಕಾಳನ್ನು ಆರಿಸಿದರು. ಭಾನುವಾರ ಅವರ ಬಾಡಿಗೆ ಮನೆಯ ಜಗುಲಿಯಲ್ಲಿ ಒಂದಷ್ಟು ಮಕ್ಕಳು ಕೂತು ಓದುತ್ತಿದ್ದರು. ಯಾರು ಏನು ಓದಿದರೂ ಕೊನೆಗೆ ಸಾರ್ ಕೇಳುವುದು ಒಂದೇ ಮಾತು: “ಇದರಲ್ಲಿ ಯಾರ ದನಿ ಇಲ್ಲ, ಹೇಳಿ ನೋಡೋಣ?” ಆ ಪ್ರಶ್ನೆ ಕೃತಿಕಾಳ ತಲೆಗೆ ಹುಳ ಬಿಟ್ಟಿತ್ತು.

ಭಾಷಣವೆಂದರೆ ಹಾರಿದರು, ಇಳಿದರು, ಬಾವುಟ ನೆಟ್ಟರು, ಬಂದರು ಎಂದು ಎಲ್ಲರೂ ತಿಳಿದಿದ್ದರು. ಅವಳು ಬರೆದದ್ದು ಬೇರೆ. ಮಾರುತಿ ವ್ಯಾನಿನೊಳಗಿನಷ್ಟು ಜಾಗದಲ್ಲಿ ಮೂರು ಮಂದಿ ಗಂಡಸರು ವಾರಕ್ಕಿಂತ ಹೆಚ್ಚು ಇದ್ದರಲ್ಲ, ಹೇಗಿದ್ದರು? ಮೀಯುವಂತಿಲ್ಲ. ಕಕ್ಕಸಿಗೆ ಹೋಗಬೇಕೆಂದರೆ ಇನ್ನಿಬ್ಬರ ಎದುರಿಗೇ ಅಂಟಿನ ಚೀಲ ಕಟ್ಟಿಕೊಳ್ಳಬೇಕು. ಅದಕ್ಕೂ ಮುಂಚಿನ ವರ್ಷ ಇಳಿಯದೆ ಬರೀ ಚಂದ್ರನ ಸುತ್ತು ಹಾಕಿ ಬಂದವರಲ್ಲಿ ಒಬ್ಬನಿಗೆ ವಾಂತಿಯಾಗಿ ಅದು ನೆಲಕ್ಕೆ ಬೀಳದೆ ಮೂವರ ಮುಖದ ಮುಂದೆ ತೇಲಾಡಿತಂತೆ. ಇಬ್ಬರು ಇಳಿದಾಗ ಮೂರನೆಯವನು ಮೇಲೆ ಒಬ್ಬನೇ ಸುತ್ತುತ್ತಿದ್ದ. ಚಂದ್ರನ ಬೆನ್ನಿಗೆ ಹೋದಾಗಲೆಲ್ಲ ರೇಡಿಯೋ ಕಡಿದು, ಕೂಗಿದರೂ ಭೂಮಿಗೆ ಕೇಳುತ್ತಿರಲಿಲ್ಲ. ಇಳಿದವರು ತಿರುಗಿ ಬಂದು ತಲೆಯ ಗಡಿಗೆ ತೆಗೆದಾಗ ಬಟ್ಟೆಗೆ ಹತ್ತಿದ ಚಂದ್ರನ ಧೂಳು ಸುಟ್ಟ ಪಟಾಕಿಯ ಹಾಗೆ ನಾತ ಹೊಡೆಯಿತಂತೆ.

ಊಟದ ಹಾಲಿನಲ್ಲಿ ಕೂತು ಇದನ್ನೆಲ್ಲ ಅವಳು ಗಟ್ಟಿಯಾಗಿ ಓದಿ ರೂಢಿ ಮಾಡುತ್ತಿದ್ದಾಗ ಅಡಿಗೆಯ ಸೀತಕ್ಕ ಕಾಯಿ ತುರಿಯುತ್ತ ಕೇಳುತ್ತಿದ್ದಳು.

“ಬಂದ್ಮೇಲೆ ಎಂತ ಮಾಡಿದ್ರೇ? ಆರತಿ ಎತ್ತಿದ್ರಾ?”

“ಎಲ್ಲಿ ಆರತಿ ಸೀತಕ್ಕ! ಸಮುದ್ರದಿಂದ ಎತ್ತಿ ಸೀದಾ ಒಂದು ಡಬ್ಬಿಯಂಥ ಮನೆಗೆ ಹಾಕಿ ಬಾಗಿಲು ಹಾಕಿದ್ರು. ಚಂದ್ರನಿಂದ ಏನಾದ್ರೂ ಕ್ರಿಮಿ ಅಂಟಿಸ್ಕಂಡು ಬಂದಿದ್ರೆ ಅಂತ. ಸುಮಾರು ಮೂರು ವಾರ. ಯಾರೂ ಮುಟ್ಟೋ ಹಾಗಿಲ್ಲ. ಹೆಂಡ್ತಿ ಬಂದ್ರೂ ಗಾಜಿನಾಚೆಯಿಂದ್ಲೇ ಮಾತು.”

ಸೀತಕ್ಕನ ಕೈ ತುರಿಮಣೆಯ ಮೇಲೆ ನಿಂತಿತು. “ಅಯ್ಯ ಮಾರಾಯ್ತಿ! ಗಂಡಸ್ರೂ ಹೊರಗಾ?”

ಹಾಲಿಗೆ ಹಾಲೇ ನಕ್ಕಿತು.

“ಆ ಧೂಳು ಅಪ್ಪಿತಪ್ಪಿ ತಾಗಿದೋರನ್ನೂ ಒಳಗೆ ಹಾಕ್ತಿದ್ರು ಸೀತಕ್ಕ.”

“ನೋಡು ಮತ್ತೆ, ಮುಟ್ಟಿದೋರಿಗೂ ಮೈಲಿಗೆ! ಅವ್ರಿಗಾದ್ರೂ ತಿಂಗಳಿಗೆ ಹೋಗಿ ಬಂದಿದ್ದಕ್ಕೆ ಮೈಲಿಗೆ. ನಮಗೆ ತಿಂಗಳೇ ಮನೆ ಬಾಗ್ಲಿಗೆ ಬರುತ್ತಲ್ಲೇ!”

ಕೃತಿಕಾ ಆ ಮಾತನ್ನು ಹಾಗೇ ಭಾಷಣಕ್ಕೆ ಸೇರಿಸಿಕೊಂಡಳು. ರಿಹರ್ಸಲ್ ನೋಡಲು ಬಂದ ರಾಧಮ್ಮ, “ಅದೊಂದು ಬೇಡ. ದೊಡ್ಡವರು ಬರ್ತಾರೆ” ಎಂದರು. “ಸರಿ ಅಮ್ಮ” ಎಂದಳು ಕೃತಿಕಾ. ತೆಗೆಯಲಿಲ್ಲ.

ಆಮೇಲೆ ಆ ಬೆಳಿಗ್ಗೆ ಬಂತು. ಹೊಸಿಲಿನಲ್ಲಿ ಅದೇ ಪ್ರಶ್ನೆ, “ಹೊರಗಾ?” ಸುಳ್ಳು ಹೇಳಬಹುದಿತ್ತು. ಪರೀಕ್ಷೆಯ ದಿನ, ಟೂರಿನ ದಿನ ಹುಡುಗಿಯರು ಹೇಳುತ್ತಿದ್ದರು, ಸೀತಕ್ಕ ಕಂಡೂ ಕಾಣದ ಹಾಗೆ ಇರುತ್ತಿದ್ದಳು. ಕೃತಿಕಾ ಹೇಳಲಿಲ್ಲ. ಗಂಡಸರ ಕಕ್ಕಸಿನ ಚೀಲದ ವಿಷಯ ಮೈಕಿನಲ್ಲಿ ಹೇಳಹೊರಟವಳು ತನ್ನ ಮೈಯ ವಿಷಯಕ್ಕೆ ಸುಳ್ಳು ಹೇಳಿದರೆ ಆ ಭಾಷಣಕ್ಕೆ ಏನು ಅರ್ಥ?

“ಹೌದಮ್ಮ. ಆದ್ರೂ ಮಧ್ಯಾಹ್ನ ಬರ್ತೀನಿ.”

“ಎಲ್ಲಿಗೆ ಬರ್ತೀಯೇ? ಮಂದಿರದಲ್ಲಿ ದೀಪ ಹಚ್ಚೋದು. ನಾಳೆ ಅಮಾವಾಸ್ಯೆ, ಅದ್ರ ಮೇಲೆ ಗ್ರಹಣ ಬೇರೆ. ಏನಾದ್ರೂ ಹೆಚ್ಚುಕಮ್ಮಿಯಾದ್ರೆ ಯಾರ ತಲೆ ಮೇಲೆ?”

“ಬರ್ತೀನಿ ಅಮ್ಮ.”

ಹಾಗೆ ಬಿತ್ತು ಚಿಲಕ. ಆ ಕೋಣೆಗೆ ಚಿಲಕ ಹಾಕಿದ್ದು ಅದೇ ಮೊದಲು. ಅಷ್ಟು ವರ್ಷ ಬೇಕಾಗಿಯೇ ಇರಲಿಲ್ಲ. ಹೋಗು ಎಂದರೆ ಹೋಗುತ್ತಿದ್ದರು, ಕೂರು ಎಂದರೆ ಕೂರುತ್ತಿದ್ದರು.

ಮೊದಮೊದಲು ಅವಳು ಬಾಗಿಲು ಬಡಿದಳು. ಆಮೇಲೆ ಅಂಗೈ ಉರಿಯಿತು. ಆ ದಿನ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂದು ಚಾಪೆ, ಒಂದು ಬಕೆಟ್, ಬಾಗಿಲ ಪಕ್ಕದಲ್ಲೇ ಮುಚ್ಚಲು ಕದವಿಲ್ಲದ ಒಂದು ಸರಳು ಕಿಟಕಿ. ಕಿಟಕಿಯಾಚೆ ಎರಡು ಮಾರು ದೂರದಲ್ಲಿ ಮಂದಿರದ ಗೋಡೆ. ಬಾಗಿಲು ತೆರೆದಿದ್ದ ದಿನಗಳಲ್ಲಿ ಇದೇ ಕೋಣೆಯಲ್ಲಿ ಕಾಲು ಚಾಚಿ ಕತೆ ಹೇಳಿಕೊಂಡು ಮಲಗಿದ್ದಳು. ಈಗ ಅದೇ ನಾಲ್ಕು ಗೋಡೆ ಹತ್ತಿರ ಹತ್ತಿರ ಬಂದ ಹಾಗಿತ್ತು. ಹೊಟ್ಟೆ ಹಿಂಡುತ್ತಿತ್ತು. ಬಟ್ಟೆ ಬದಲಿಸಬೇಕು, ಕಕ್ಕಸಿಗೆ ಹೋಗಬೇಕು, ಕಕ್ಕಸು ಅಂಗಳದ ಆಚೆ. ತಡೆದಳು, ತಡೆದಳು, ಕೊನೆಗೆ ಕಿಟಕಿಗೆ ಬೆನ್ನು ಮಾಡಿ ಬಕೆಟಿನಲ್ಲೇ ಕೂತಳು. ಕೂತಾಗ ಕಣ್ಣಲ್ಲಿ ನೀರು ಬಂತು. ಆ ಚೀಲದ ಬಗ್ಗೆ ತಾನು ಬರೆದದ್ದು ಕೇಳುವವರನ್ನು ನಗಿಸಲಿಕ್ಕೆ. ಬರೆಯುವಾಗ ಅವರ ನಾಚಿಕೆ ತನಗೆ ತಿಳಿದಿರಲಿಲ್ಲ.

ತಿಂಡಿಯ ತಟ್ಟೆಯನ್ನು ಸೀತಕ್ಕ ಸರಳಿನ ನಡುವೆ ಓರೆ ಮಾಡಿ ತೂರಿಸಿದಳು.

“ಸೀತಕ್ಕ, ಚಿಲಕ ತೆಗಿ. ದಮ್ಮಯ್ಯ.”

“ತೆಗೆದ್ರೆ ನನ್ನ ಹೊಟ್ಟೆಪಾಡು ಹೋಗುತ್ತೆ ಕೂಸೇ. ತಿನ್ನು, ತಣ್ಣಗಾಗುತ್ತೆ. ನಿನ್ನ ಭಾಷಣ ನಿನ್ನ ಗೆಳತಿ ನಿಶ್ಚಿತಾಳ ಹತ್ರ ಓದುಸ್ತಾರಂತೆ.” ಎರಡು ಹೆಜ್ಜೆ ಹೋದವಳು ತಿರುಗಿ ಬಂದು ದನಿ ತಗ್ಗಿಸಿದಳು. “ಸುಳ್ಳು ಹೇಳಕ್ಕೆ ಎಂತ ಧಾಡಿಯಾಗಿತ್ತೇ ನಿಂಗೆ?”

ಮಂದಿರದಲ್ಲಿ “ಹಲೋ, ಮೈಕ್ ಟೆಸ್ಟಿಂಗ್” ಶುರುವಾಯಿತು. ಬಸ್ಸುಗಳು ಬಂದವು. ಅಂಗಳದ ತುಂಬ ಬೇರೆ ಊರಿನ ಮಕ್ಕಳ ಗಲಾಟೆ. ಕೃತಿಕಾ ಕಿಟಕಿಗೆ ಮುಖ ಒತ್ತಿ ನಿಂತಳು. ಯಾರಿಗೂ ಅವಳು ಕಾಣುತ್ತಿರಲಿಲ್ಲ; ಆ ಕಡೆಗೆ ಯಾರೂ ಬರದ ಹಾಗೆ ಅಂಗಳದ ಮೂಲೆಗೆ ಎರಡು ಬೆಂಚು ಅಡ್ಡ ಇಟ್ಟಿದ್ದರು.

ಬೆಂಚು ದಾಟಿ ಬಂದವಳು ನಿಶ್ಚಿತಾ. ಮದುವೆಮನೆ ಅಲಂಕಾರದ ಬೆಳ್ಳಿ ಕಾಗದ ಹೊಲಿದ ಅಂಗಿ, ಕಂಕುಳಲ್ಲಿ ನೀರಿನ ಕ್ಯಾನು ಕತ್ತರಿಸಿ ಮಾಡಿದ ಹೆಲ್ಮೆಟ್ಟು. ಭಾಷಣಕ್ಕೆಂದು ಕೃತಿಕಾಳ ಅಳತೆಗೆ ಹೊಲಿದ ಗಗನಯಾತ್ರಿಯ ಅಂಗಿಯಲ್ಲಿ ಗಿಡ್ಡ ಹುಡುಗಿ ಮುಳುಗಿಹೋಗಿದ್ದಳು. ಅತ್ತೂ ಅತ್ತು ಮೂಗು ಕೆಂಪಾಗಿತ್ತು.

“ನಂಗೆ ಬಾಯಿಗೇ ಬರಲ್ಲ ಕಣೇ. ಎರಡನೇ ಪ್ಯಾರಾಕ್ಕೇ ನಿಂತುಹೋಗುತ್ತೆ. ಸಾರ್ ಬೈದ್ರು.”

“ನೋಡ್ಕಂಡು ಓದು.”

“ಹೆಲ್ಮೆಟ್ ಹಾಕ್ಕಂಡ್ರೆ ಕಾಣಲ್ಲ. ಉಸಿರಿಗೇ ಮಂಜು ಕಟ್ಟುತ್ತೆ.” ನಿಶ್ಚಿತಾ ಸರಳು ಹಿಡಿಯಲು ಕೈ ಚಾಚಿದಳು, ಏನೋ ನೆನಪಾಗಿ ಹಿಂದಕ್ಕೆ ತೆಗೆದಳು. “ಮುಟ್ಟಿದ್ರೆ ಈ ಡ್ರೆಸ್ ಮತ್ತೆ ನೆನೆಸ್ಬೇಕು ಅಂದಿದಾರೆ ರಾಧಮ್ಮ. ಕಾಗದ ಅಲ್ವಾ, ಹಾಳಾಗುತ್ತೆ.”

ಕೃತಿಕಾಳಿಗೆ ನಗು ಬಂತು. ಗೆಳತಿಯೂ ನಕ್ಕಳು. ನಕ್ಕವಳೇ, “ಬೇಜಾರಾಗ್ಬೇಡ ಹಾಂ” ಎಂದು ಕಾಗದ ಸರಬರ ಮಾಡುತ್ತ ಓಡಿದಳು.

ದೀಪ ಹಚ್ಚಿದರು, ಪ್ರಾರ್ಥನೆ ಹಾಡಿದರು. ಟ್ರಸ್ಟಿನ ಅಧ್ಯಕ್ಷ ಕರಿಬಸವಯ್ಯ ಮಾತಾಡುವುದು ಗೋಡೆ ದಾಟಿ ಕೇಳುತ್ತಿತ್ತು. ಅವರ ಕೊರಳಲ್ಲೂ ಲಿಂಗವಿತ್ತು. ಹೋದ ವರ್ಷ ಕೃತಿಕಾಳ ತಾಯಿ ಗಂಗಾಂಬಿಕೆ ಬಂದು ಈ ಕೋಣೆಯ ಬಗ್ಗೆ ಕೇಳಿದಾಗ ಅವರು, “ನಮ್ಮಲ್ಲಿಲ್ಲ ತಾಯಿ, ನಿಜ. ಆದ್ರೆ ಇಲ್ಲಿ ಎಲ್ಲ ಜನದ ಮಕ್ಕಳೂ ಇದಾರೆ. ಊರು ನಡೆದ ಹಾಗೆ ನಡೀಬೇಕಲ್ಲ” ಎಂದು ಕೈಮುಗಿದು ಕಳಿಸಿದ್ದರು. ಈಗ ಮೈಕಿನಲ್ಲಿ, “ಮನುಷ್ಯನಿಗೆ ಆಗದ್ದು ಯಾವುದೂ ಇಲ್ಲ, ಧೈರ್ಯ ಬೇಕು ಅಷ್ಟೆ” ಎನ್ನುತ್ತಿದ್ದರು. ಚಪ್ಪಾಳೆ ಬಿತ್ತು.

ಆ ಚಪ್ಪಾಳೆಯ ನಡುವೆ ಕಾಂತೇಶ್ ಸಾರ್ ಬೆಂಚು ದಾಟಿ ಬಂದರು. ಸಣ್ಣ ಹನಿ ಬೀಳುತ್ತಿತ್ತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೈಕು. ಮೈಕಿನ ವಯರು ಮಂದಿರದ ಗವಾಕ್ಷಿಯಿಂದ ಇಳಿದು ಅವರ ಹಿಂದೆ ನೆಲದ ಮೇಲೆ ಹರಿದು ಬರುತ್ತಿತ್ತು. ತಾವು ನೆನೆದರೂ ಚಿಂತೆಯಿಲ್ಲವೆಂಬಂತೆ ಕೊಡೆಯನ್ನು ಮೈಕಿನ ಮೇಲೇ ಹಿಡಿದಿದ್ದರು.

“ಕೃತಿಕಾ, ಒಂದು ಉಪಾಯ ಸಿಕ್ತು. ಕೇಳು. ನಿಶ್ಚಿತಾ ಸುಮ್ನೆ ಸ್ಟೇಜ್ ಮೇಲೆ ನಿಂತಿರ್ತಾಳೆ. ಹೆಲ್ಮೆಟ್ ಇದೆ, ಬಾಯಿ ಕಾಣಲ್ಲ. ನೀನು ಇಲ್ಲಿಂದ ಮಾತಾಡು. ‘ಚಂದ್ರನಿಂದ ಬರ್ತಿರೋ ಧ್ವನಿ’ ಅಂತ ಅನೌನ್ಸ್ ಮಾಡ್ತೀವಿ. ಲೈಟ್ ಆರಿಸ್ತೀವಿ. ಅಧ್ಯಕ್ಷರಿಗೆ ಹೇಳ್ದೆ, ಖುಷಿಯಾದ್ರು.”

ಸರಳಿನೊಳಗಿಂದ ಮೈಕು ಅವಳ ಕೈಗೆ ಬಂತು. ತಣ್ಣಗೆ, ಭಾರವಾಗಿ, ಸ್ವಿಚ್ಚು ಇನ್ನೂ ಹಾಕದೆ. ಬೆಳಗಿನಿಂದ ಮೊದಲ ಸಲ ಮೈಗೆ ಜೀವ ಬಂದ ಹಾಗಾಯಿತು. ಬಾಗಿಲು ದಾಟಲಾಗದ ದನಿ ಈ ವಯರು ಹಿಡಿದು ಗೋಡೆ ದಾಟುತ್ತದೆ. ಮಂದಿರದ ತುಂಬ ತುಂಬಿಕೊಳ್ಳುತ್ತದೆ.

“ಪೂರ್ತಿ ಹೇಳ್ಲಾ ಸಾರ್? ಆ ಡಬ್ಬಿ ಮನೆ ವಿಷಯ? ಸೀತಕ್ಕನ ಮಾತು?”

“ಹೇಳು. ಬೇಕಾದ್ರೆ ಅದನ್ನೂ ಹೇಳು. ಮೈಕ್ ನಿನ್ನ ಕೈಲಿರುತ್ತೆ, ಯಾರು ತಡೀತಾರೆ?”

ಗಂಟಲು ಸರಿಮಾಡಿಕೊಂಡಳು. ಮೊದಲ ಸಾಲು ನಾಲಿಗೆಯ ತುದಿಗೆ ಬಂದಿತ್ತು. ಆಗ ಒಂದು ಸಂಶಯ ಹುಟ್ಟಿತು.

“ನಾನು ಎಲ್ಲಿ ಕೂತು ಮಾತಾಡ್ತಿದೀನಿ ಅಂತ ಅನೌನ್ಸ್ ಮಾಡ್ತೀರಾ ಸಾರ್?”

“ಅದು... ಚಂದ್ರನಿಂದ ಅಂತ ಹೇಳಾಗಿರುತ್ತಲ್ಲ.”

“ಯಾರ ದನಿ ಅಂತ?”

“ಆಮೇಲೆ ಹೇಳ್ತೀನಮ್ಮ. ಬಹುಮಾನ ನಿನ್ನ ಹೆಸರಿಗೇ.”

“ಯಾಕೆ ಇಲ್ಲಿದೀನಿ ಅಂತ?”

ಸಾರ್ ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. “ನೋಡು, ಆ ಮೂವರನ್ನ ಅವರ ದೇಶದ ಅಧ್ಯಕ್ಷರು ಬಂದು ಮಾತಾಡಿಸಿದ್ದೂ ಗಾಜಿನ ಕಿಟಕಿಯಿಂದ್ಲೇ. ನೀನೇ ಬರ್ದಿದೀಯ. ಅವರೇನು ಬೇಜಾರು ಮಾಡ್ಕಂಡ್ರಾ? ನಗ್ತಾ ಮಾತಾಡಿದ್ರು.”

“ಅವರು ಕಿಟಕಿ ಹಿಂದೆ ಇದಾರೆ ಅಂತ ಊರಿಗೆಲ್ಲ ಗೊತ್ತಿತ್ತು ಸಾರ್. ಮುಖ ಕಾಣ್ತಿತ್ತು. ಅವರ ಬದ್ಲು ಬೇರೆಯವರಿಗೆ ಅಂಗಿ ತೊಡಿಸಿ ನಿಲ್ಲಿಸಿರಲಿಲ್ಲ.” ಮಾತು ಒಂದರ ಹಿಂದೆ ಒಂದು ಬಂತು. “ಮತ್ತೆ ಅವರನ್ನ ಕೂಡಿದ್ದು ಹೋಗಿ ಬಂದ್ಮೇಲೆ. ನನ್ನನ್ನ ಹೋಗೋದಕ್ಕೆ ಮುಂಚೆನೇ ಕೂಡಿದಾರೆ. ಅವರನ್ನ ಪರೀಕ್ಷೆ ಮಾಡಿದ್ರು, ಇಲಿಗೆ ಆ ಧೂಳು ಚುಚ್ಚಿ ನೋಡಿದ್ರು. ಆಮೇಲೂ ಕೆಲವು ಸಲ ಹೋಗಿ ಬಂದ್ರು, ಏನೂ ಇಲ್ಲ ಅಂತ ಖಾತ್ರಿಯಾಯ್ತು, ಕೂಡೋದನ್ನೇ ಬಿಟ್ರು. ಇಲ್ಲಿ ಯಾರು ಯಾವತ್ತು ಪರೀಕ್ಷೆ ಮಾಡಿದ್ರು?”

“ಕೇಳು ಅಂತ ಕಲಿಸಿದ್ದು ನಾನೇ, ಒಪ್ಪಿದೆ.” ಸಾರ್ ದನಿ ಇಳಿಯಿತು. “ಎಲ್ಲ ಕಡೆ ಕೇಳಕ್ಕಾಗಲ್ಲಮ್ಮ. ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ. ಇವತ್ತೊಂದು ದಿನ ನಡೆಸ್ಕೊಡು. ಮುಂದಿನ ವಾರ ನಾನೇ ಕಮಿಟಿ ಮುಂದೆ ಈ ವಿಷಯ ಎತ್ತುತೀನಿ.”

ಅವಳಿಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಭಯ. ಹೊರಗೆ ಕೊಡೆ ಹಿಡಿದು ನಿಂತವರೂ ಎಲ್ಲೋ ಒಳಗೇ ಇದ್ದಾರೆ, ಅವರ ಚಿಲಕ ಇನ್ಯಾರ ಕೈಯಲ್ಲೋ ಇದೆ ಎಂದು ಕಂಡಾಗ ಹುಟ್ಟುವ ಭಯ. ಈ ಸಾರೇ ತೆಗೆಯದಿದ್ದರೆ ಇನ್ಯಾರು ತೆಗೆಯುತ್ತಾರೆ?

“ಚಿಲಕ ಇಲ್ಲೇ ಬಲಗಡೆ ಇದೆ ಸಾರ್. ನಿಮ್ಮ ಕೈಗೆಟಕುತ್ತೆ.”

ಅವರು ಚಿಲಕವನ್ನು ನೋಡಿದರು. ಕೈ ಎತ್ತಲಿಲ್ಲ.

ಅಷ್ಟರಲ್ಲಿ ರಾಧಮ್ಮ ಸೆರಗು ತಲೆಗೆ ಹೊದ್ದು ಬಂದರು. “ಎಂತ ಸಾರ್ ಇನ್ನೂ? ಅಲ್ಲಿ ಲೈಟ್ ಆರಿಸಿ ಆಯ್ತು!”

ಹೌದು, ಮಂದಿರದ ಗವಾಕ್ಷಿ ಕತ್ತಲಾಗಿತ್ತು. ಕರಿಬಸವಯ್ಯನವರ ದನಿ ಗಂಭೀರವಾಗಿ, “ಮಕ್ಕಳೇ, ಈಗ ಚಂದ್ರಲೋಕದಿಂದ ಒಂದು ಧ್ವನಿ ಕೇಳಿಬರುತ್ತದೆ” ಎಂದಿತು. ಎಲ್ಲ ಮಕ್ಕಳ ಗಲಾಟೆಯೂ ಒಮ್ಮೆಗೇ ನಿಂತಿತು. ಆ ಕತ್ತಲಲ್ಲಿ ನಿಶ್ಚಿತಾ ಮಂಜು ಕಟ್ಟಿದ ಕ್ಯಾನಿನೊಳಗೆ ಉಸಿರು ಹಿಡಿದು ನಿಂತಿರಬೇಕು.

“ಮಾತಾಡೇ” ಎಂದರು ರಾಧಮ್ಮ ಪಿಸುದನಿಯಲ್ಲಿ.

ಕೃತಿಕಾ ಮೈಕನ್ನು ಬಾಯಿಯ ಹತ್ತಿರದಿಂದ ಕೆಳಗಿಳಿಸಿದಳು.

“ಮಾತಾಡೇ ಮಾರಾಯ್ತಿ! ಇದಕ್ಕೇ ಅಲ್ವಾ ಬೆಳಗಿಂದ ಬಾಗಿಲು ಬಡಿದಿದ್ದು? ನಾನು ಮಾಡಿದ ಕಾನೂನಾ ಇದು? ನಿನ್ನ ವಯಸ್ಸಲ್ಲಿ ಕೊಟ್ಟಿಗೆ ಬದಿಲಿ ದನದ ಜೊತೆ ಕೂತಿದೀನಿ ನಾನು. ಸತ್ತುಹೋದ್ನಾ?”

“ನಿಮ್ಮನ್ನ ಅಲ್ಲಿ ಕೂರಿಸಿದ್ದೂ ತಪ್ಪೇ ಅಮ್ಮ.”

ರಾಧಮ್ಮ ಜಾರಿದ ಸೆರಗನ್ನು ಮತ್ತೆ ತಲೆಗೆ ಎಳೆದುಕೊಂಡರು. ಯಾರೂ ಅವರಿಗೆ ಆ ಮಾತು ಹೇಳಿದವರಿಲ್ಲ. ಆಮೇಲೆ ಮುಖ ಬಿಗಿಯಿತು. “ಹರಟೆ ಸಾಕು. ಈಗ ಮಾತಾಡಲಿಲ್ಲ ಅಂದ್ರೆ ನಾಳೆ ನಿನ್ನ ಅಪ್ಪನ್ನ ಕರೆಸಿ ಟ್ರಂಕ್ ಕೊಟ್ಟು ಕಳಿಸ್ತೀನಿ. ಹತ್ತನೇ ಕ್ಲಾಸು ಎಲ್ಲಿ ಮುಗಿಸ್ತೀಯೋ ನೋಡ್ತೀನಿ.”

ಮಂದಿರದಲ್ಲಿ ಯಾರೋ ಕೆಮ್ಮಿದರು. ಒಂದು ಮಗು ಕಿಸಕ್ಕನೆ ನಕ್ಕಿತು, ಯಾರೋ ಗದರಿಸಿದರು. ಅಧ್ಯಕ್ಷರು ಮತ್ತೊಮ್ಮೆ, “ಈಗ ಚಂದ್ರಲೋಕದಿಂದ...” ಎಂದು ಎಳೆದರು. ಕಾಂತೇಶ್ ಸಾರ್ ಕೈಮುಗಿದರು, ಕೊಡೆಯ ಹಿಡಿ ಎರಡು ಅಂಗೈಗಳ ನಡುವೆ ಸಿಕ್ಕಿಕೊಂಡಿತ್ತು. “ಒಂದು ನಮಸ್ಕಾರ ಆದ್ರೂ ಹೇಳಮ್ಮ. ಅಷ್ಟು ಸಾಕು.”

ಕೃತಿಕಾ ಮೈಕಿನ ಸ್ವಿಚ್ಚಿನಿಂದ ಹೆಬ್ಬೆರಳು ತೆಗೆದಳು. ಮೈಕನ್ನು ಸರಳಿನ ನಡುವೆ ತೂರಿಸಿ ಹೊರಗಿನ ಕಟ್ಟೆಯ ಮೇಲಿಟ್ಟಳು.

“ಬಾಗಿಲು ತೆಗೀರಿ, ಬಂದು ಮಾತಾಡ್ತೀನಿ” ಎಂದಳು. “ಇಲ್ಲಿಂದ ಮಾತಾಡಲ್ಲ.”